ಮೂರನೇ ಬಿಲ್ಲೆ

ಆ ದೀಪ ಸ್ವಲ್ಪ ಚಿಕ್ಕದು ಮಾಡಿ... ಹಾಂ, ಅಷ್ಟು ಸಾಕು. ಇದು ಅವರಿವರ ಬಾಯಲ್ಲಿ ಕೇಳಿದ್ದಲ್ಲ. ನಮ್ಮ ಚಿಕ್ಕಪ್ಪನ ಮಗಳಿಗೇ ಆದದ್ದು. ಮನೆಯಲ್ಲಿ ಎಲ್ಲರೂ ಅವಳನ್ನು ಮೊಂಡಿ ಅಂತಲೇ ಕರೆಯುವುದು. ಮೊಲಕ್ಕೆ ಮೂರೇ ಕಾಲು ಅಂದರೆ ಮುಗಿಯಿತು, ನಾಲ್ಕನೆಯದನ್ನು ತಂದು ತೋರಿಸಿದರೂ ಒಪ್ಪುವವಳಲ್ಲ.

ಅವತ್ತು ಅವಳ ಪಾಳಿ ಮುಗಿದಾಗ ರಾತ್ರಿ ಹನ್ನೊಂದೂವರೆ. ಕೆಲಸದ ಗೇಟಿನಿಂದ ಮನೆಗೆ ಅರ್ಧ ಗಂಟೆಯ ನಡಿಗೆ. ದಾರಿಯಲ್ಲಿ ಒಂದು ಬಾವಿ. ನಲವತ್ತು ಮನೆಗಳು ಕುಡಿಯುವುದು ಅದರದೇ ನೀರು. ಅವಳ ಮನೆಯೂ ಅದರಲ್ಲೊಂದು.

ಬಾವಿ ದಾಟುವಾಗ ಸದ್ದಾಯಿತು.

ಟಣ್...

ಅವಳು ನಿಂತಳು.

ಟಣ್...

ಆಮೇಲೆ... ಡಬ್.

ಕೊಡ ಬಡಿದದ್ದಲ್ಲ, ಕಲ್ಲು ಬಿದ್ದದ್ದಲ್ಲ. ಮರದ ಕೊಡತಿ ಒಣ ಜೇಡಿಮಣ್ಣಿಗೆ ತಾಗಿದ ಸದ್ದು. ನೂರು ಸದ್ದಿನ ನಡುವೆಯೂ ಅವಳು ಅದನ್ನು ಗುರುತಿಸಬಲ್ಲಳು.

ಅವಳ ಕೆಲಸ ಏನೆಂದು ಹೇಳದಿದ್ದರೆ ಇದು ನಿಮಗೆ ತಿಳಿಯುವುದಿಲ್ಲ. ಅಣುಸ್ಥಾವರದಲ್ಲಿ ಉರಿದು ಮುಗಿದ ಕಸ ಇರುತ್ತದಲ್ಲ, ಅದರ ವಿಷ ಲಕ್ಷ ವರ್ಷವಾದರೂ ಇಳಿಯುವುದಿಲ್ಲ. ಅದನ್ನು ತಾಮ್ರದ ಹಂಡೆಗಳಲ್ಲಿ ತುಂಬಿ, ನಾನೂರು ಮೀಟರ್ ಆಳದ ಸುರಂಗದಲ್ಲಿ, ಬಂಡೆ ಕೊರೆದು ಮಾಡಿದ ಗುಂಡಿಗಳಿಗೆ ಇಳಿಸುತ್ತಾರೆ. ಹಂಡೆಯ ಸುತ್ತಲೂ ಒತ್ತಿ ಗಟ್ಟಿ ಮಾಡಿದ ಜೇಡಿಮಣ್ಣು. ಮೇಲೆ ಅದೇ ಮಣ್ಣಿನ ನಾಲ್ಕು ಬಿಲ್ಲೆ, ಒಂದೊಂದೂ ಊಟದ ಮೇಜಿನಷ್ಟು ಅಗಲ, ಟನ್ನಿನಷ್ಟು ಭಾರ. ನೀರಿನ ಪಸೆ ತಾಗಿದರೆ ಆ ಮಣ್ಣು ಉಬ್ಬಿ ಸಂದುಗೊಂದನ್ನೆಲ್ಲ ಮುಚ್ಚಿಬಿಡುತ್ತದೆ. ಹಂಡೆ ಸವೆದ ಮೇಲೆ ವಿಷಕ್ಕೂ ಊರಿನ ನೀರಿಗೂ ನಡುವೆ ಇರುವುದು ಅದೊಂದೇ.

ಇಳಿಸುವ ಮೊದಲು ಪ್ರತಿ ಬಿಲ್ಲೆಯನ್ನೂ ಕೊಡತಿಯಿಂದ ತಟ್ಟಿ ಕೇಳಬೇಕು. ಗಟ್ಟಿಯಿದ್ದರೆ ಟಣ್ ಅನ್ನುತ್ತದೆ. ಒಳಗೆ ಒಡೆದಿದ್ದರೆ ಡಬ್. ಈ ವಿದ್ಯೆಯನ್ನು ಮೊಂಡಿಗೆ ಕಲಿಸಿದವರು ಹಿರಿಯ ಮೇಸ್ತ್ರಿ. ಅವರು ತೀರಿಹೋಗಿ ಹನ್ನೊಂದು ತಿಂಗಳಾಗಿತ್ತು.

ಮೊಂಡಿ ಬಾವಿಯ ಕಟ್ಟೆಗೆ ಕೈಯೂರಿ ಬಗ್ಗಿದಳು. ಬೇರೆ ಯಾರಾದರೂ ಆಗಿದ್ದರೆ ಚಪ್ಪಲಿ ಅಲ್ಲೇ ಬಿಟ್ಟು ಓಡುತ್ತಿದ್ದರು.

“ಯಾರು?”

ನೀರು ಗುಳುಕ್ ಅಂದಿತು.

“ನಾನು ಕಣೇ.”

ಮೇಸ್ತ್ರಿಯದೇ ದನಿ. ಆದರೂ ಅವಳು ಕಟ್ಟೆಯಿಂದ ಕೈ ತೆಗೆಯಲಿಲ್ಲ.

“ತಾತ... ಸತ್ತೋರು ಸತ್ತ ಹಾಗೆ ಇರಬೇಕು.”

“ನೀನು ಬಿಟ್ಟರಲ್ವೇನೇ. ಪೇರಿಸಿಟ್ಟೇ ತಟ್ಟಿದೆಯಲ್ಲ...”

ಅದು ನಿಜ. ಬಿಲ್ಲೆಗಳನ್ನು ಗಾಡಿಯಿಂದ ಒಂದೊಂದಾಗಿ ಇಳಿಸಿ, ಹಲಗೆಯ ಮೇಲಿಟ್ಟು ತಟ್ಟಬೇಕು. ಪೇರಿಸಿದ್ದಲ್ಲೇ ತಟ್ಟಿದರೆ ಮೇಲಿನ ಭಾರಕ್ಕೆ ಬಿರುಕು ಬಿಗಿದುಕೊಂಡಿರುತ್ತದೆ. ಒಡೆದದ್ದೂ ಗಟ್ಟಿಯಂತೆಯೇ ದನಿ ಕೊಡುತ್ತದೆ. ಹೊಸಬರು ಹೆದರಿಕೆಗೆ ಒಂದೊಂದೇ ಇಳಿಸುತ್ತಾರೆ. ಇದು ಕೈ ಪಳಗಿದವರೇ ಮಾಡುವ ತಪ್ಪು. ಆ ರಾತ್ರಿ, ಪಾಳಿಯ ಕೊನೆಯ ಗುಂಡಿ, ಹೊತ್ತಾಗಿದೆ ಅಂತ ಅವಳೂ ಮಾಡಿದ್ದಳು.

“ಮೇಲಿಂದ ಮೂರನೇದು,” ಅಂದಿತು ದನಿ. “ಬೆಳಿಗ್ಗೆ ಸುರಂಗಕ್ಕೆ ಮಣ್ಣು ತುಂಬಿ ಮುಚ್ತಾರೆ.”

“ಗೊತ್ತು.”

“ಹೇಳಿದ್ರೆ ನಿನ್ನ ಕೆಲಸ ಹೋಗುತ್ತೆ.”

“ಹೆದರಿಸೋಕೆ ಬಂದ್ರಾ, ಹೇಳೋಕೆ ಬಂದ್ರಾ?”

ನೀರು ಮತ್ತೆ ಗುಳುಕ್ ಅಂದಿತು... ಅವಳು ಬಂದ ದಾರಿಯಲ್ಲೇ ಹಿಂದಿರುಗಿದಳು.

ಬೆಳಗಿನ ಜಾವ ಸಾಹೇಬರು ಸುರಂಗಕ್ಕೆ ಇಳಿದು ಬಂದಾಗ ಅವಳು ಗುಂಡಿಯ ಮೇಲೆ, ನಾಲ್ಕು ಬಿಲ್ಲೆಗಳಲ್ಲಿ ಎಲ್ಲಕ್ಕಿಂತ ಮೇಲಿನದರ ಮೇಲೆ, ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಮಣ್ಣು ತುಂಬುವ ಯಂತ್ರ ಗರ್‌ರ್ ಅನ್ನುತ್ತಾ ಎದುರಿಗೆ ನಿಂತಿತ್ತು.

“ಏಳಮ್ಮ.”

“ಮೂರನೇದು ಒಡೆದಿದೆ. ತೆಗೀರಿ.”

“ನೀನೇ ತಟ್ಟಿ ಸಹಿ ಹಾಕಿದ್ದೀಯ.”

“ತಪ್ಪು ತಟ್ಟಿದೀನಿ. ಪೇರಿಸಿಟ್ಟು ತಟ್ಟಿದೆ.”

ಸಾಹೇಬರು ಯಂತ್ರದ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ತಗ್ಗಿಸಿ ಅಂದರು, “ಒಡೆದಿದ್ರೂ ಏನಾಯ್ತು? ನೀರು ಬಂದ್ರೆ ತಾನೇ ಉಬ್ಬಿ ಮುಚ್ಕೊಳ್ಳುತ್ತೆ.”

“ನೀರು ಪಸೆಯ ಹಾಗೆ ಬಂದ್ರೆ ಉಬ್ಬುತ್ತೆ. ಬಿರುಕು ಸಿಕ್ಕಿ ಓಡಿ ಬಂದ್ರೆ, ಉಬ್ಬೋಕೆ ಮುಂಚೆ ಮಣ್ಣನ್ನೇ ಕೊಚ್ಕೊಂಡು ಹೋಗುತ್ತೆ. ನಿಮ್ಮ ಮನೆಗೆ ಬಾಟಲಿ ನೀರು ಬರುತ್ತೆ ಸಾರ್. ನಮ್ಮನೇಲಿ ಬಾವೀದು.”

“ಮೂರನೇದೇ ಅಂತ ಯಾರು ಹೇಳಿದ್ರು?”

“ಮೇಸ್ತ್ರಿ ತಾತ.”

“ಅವರನ್ನ ಮಣ್ಣು ಮಾಡೋಕೆ ನಾನೂ ಹೋಗಿದ್ದೆ.”

“ನಾನೂ ಬಂದಿದ್ದೆ. ಆದ್ರೂ ನಿನ್ನೆ ರಾತ್ರಿ ಹೇಳಿದ್ರು.”

“ಹಾಗಂತ ಬರೆದು ಕೊಡ್ತೀಯಾ? ದೆವ್ವ ಹೇಳ್ತು, ತಪ್ಪು ನನ್ನದು, ಅಂತ?”

“ಪೆನ್ನು ಕೊಡಿ.”

ಕ್ರೇನಿನವನು ಕೆಮ್ಮಿದ. “ಸಾರ್, ಎರಡು ಬಿಲ್ಲೆ ಎತ್ತೋಕೆ ಅರ್ಧ ಗಂಟೆ. ಇವಳನ್ನ ಎಬ್ಬಿಸೋಕೆ ಅರ್ಧ ದಿನ. ನೀವೇ ನೋಡಿ.”

ಬರೆದು ಕೊಟ್ಟಳು. ಎರಡೂ ಮಾತು, ಅವರು ಹೇಳಿದ ಹಾಗೇ. ಕೆಳಗೆ ಸಹಿ. ಆಮೇಲೆ ಎದ್ದಳು.

ಗಾಳಿ ಹೀರಿ ಹಿಡಿಯುವ ಕ್ರೇನಿನ ಬಟ್ಟಲು ಬಿಲ್ಲೆಗೆ ಅಂಟಿತು. ಸ್ಸ್ಸ್... ಪಟ್. ಒಂದು ಎದ್ದಿತು. ಎರಡು ಎದ್ದಿತು. ಸಾಹೇಬರು ಟಾರ್ಚು ಹಿಡಿದು ಬಗ್ಗಿದರು.

ಮೂರನೆಯದು ಅಂಚಿನಿಂದ ನಡುವಿನವರೆಗೆ ಸೀಳಿತ್ತು. ಇಳಿಸುವಾಗ ಬಾಯಿ ಬಿಟ್ಟಿರಬೇಕು, ಎರಡು ಬೆರಳಗಲ.

ಅವಳಿಗೆ ಒಂದು ತಿಂಗಳು ಮನೆಯಲ್ಲಿ ಕೂರುವ ಶಿಕ್ಷೆ ಆಯಿತು. ಸಂಬಳವಿಲ್ಲ. ಕೆಲಸದಿಂದ ತೆಗೆಯಲು ಹೊರಟರು, ಆದರೆ ತೆಗೆದ ಕಾರಣ ಬರೆಯಬೇಕಲ್ಲ. ಆ ಕಾಗದ ಮೇಲಿನವರಿಗೆ ತೋರಿಸುವ ಧೈರ್ಯ ಯಾರಿಗೂ ಬರಲಿಲ್ಲ. ಈಗಲೂ ಅಲ್ಲೇ ಇದ್ದಾಳೆ. ಯಾರಾದರೂ ಹೊತ್ತಾಯಿತು ಅಂದರೆ, “ಲಕ್ಷ ವರ್ಷಕ್ಕೆ ಹಾಕೋದು, ಹತ್ತು ನಿಮಿಷ ನಿಂತ್ಕೊ,” ಅನ್ನುತ್ತಾಳಂತೆ.

ನಗಬೇಡಿ. ಕೇಳಿ.

ಆ ಸೀಳು ಖಾಲಿ ಇರಲಿಲ್ಲ. ಯಾರೋ ಅದಕ್ಕೆ ಹಸಿ ಮಣ್ಣು ಮೆತ್ತಿದ್ದರು. ಮಣ್ಣಿನಲ್ಲಿ ನಾಲ್ಕು ಬೆರಳು, ಒಂದು ಹೆಬ್ಬೆರಳು, ಒತ್ತಿ ಹಿಡಿದ ಗುರುತು. ಆ ಗುಂಡಿಯಲ್ಲಿ ಒಂದು ಹನಿ ನೀರಿರಲಿಲ್ಲ. ಮೇಲೆ ಎರಡು ಟನ್ ಭಾರ ಕೂತಿತ್ತು. ಸಾಹೇಬರು ಪಾಳಿಯವರೆಲ್ಲರ ಕೈಯನ್ನೂ ಇಟ್ಟು ನೋಡಿದರು. ಯಾರದೂ ಹೊಂದಲಿಲ್ಲ.

ಆ ಬಿಲ್ಲೆ ಈಗಲೂ ಅವರ ಉಗ್ರಾಣದ ಮೂಲೆಯಲ್ಲಿದೆ. ಸುಳ್ಳಾದರೆ ನನ್ನ ನಾಲಗೆ ಬಿದ್ದುಹೋಗಲಿ, ಹೋದ ವಾರ ನಾನೇ ಹೋಗಿ ಮುಟ್ಟಿ ನೋಡಿದೆ. ಆರು ವರ್ಷವಾಯಿತು... ಆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿದೆ.