ಇಂಕಾಲಾ ಹೊಳೆದಾರಿಯ ಕಲ್ಲುಗುಪ್ಪೆ ಕಾಣೆಯಾದ ಬಗ್ಗೆ

ನಾನು ನೊಜಿಬೆಲೆ ಮಬಾಂಡ್ಲಾ, ಗಂಡ ದಿವಂಗತ ಸಿಪಾಂಬೊ ಮಬಾಂಡ್ಲಾ, ವಯಸ್ಸು 67 ವರ್ಷ, ಶಾಲೆಯ ಅಡುಗೆ ಕೆಲಸದಿಂದ ನಿವೃತ್ತಳಾಗಿ ಈಗ ಹುಲ್ಲಿನ ಚಾಪೆ ಹೆಣೆಯುವವಳು, ವಾಸ ಲುಕ್ವೇನಿ ಹಳ್ಳಿ, ಗ್ಲೆನ್‌ವಾಟರ್ ಪೊಲೀಸ್ ಠಾಣೆ ವ್ಯಾಪ್ತಿ, ಈಸ್ಟರ್ನ್ ಕೇಪ್ ಪ್ರಾಂತ್ಯ, ದಕ್ಷಿಣ ಆಫ್ರಿಕಾ. ದಿನಾಂಕ 13-03-2013, ಬುಧವಾರ, ಠಾಣೆಗೆ ಕರೆಸಿ ಕೇಳಿದ್ದಕ್ಕೆ ಈ ಮೂಲಕ ತಿಳಿಸುವುದೇನೆಂದರೆ, ನನ್ನನ್ನು ಆರೋಪಿ ಎಂದು ಕರೆಸಲಾಗಿದೆ. ನಾನು ಬಂದಿರುವುದು ದೂರು ಕೊಡುವುದಕ್ಕೆ. ಎರಡನ್ನೂ ಬರೆದುಕೊಳ್ಳಬೇಕು.

ನಮ್ಮ ಹಳ್ಳಿಯಿಂದ ಗ್ಲೆನ್‌ವಾಟರಿಗೆ ಹೋಗುವ ದಾರಿ ಇಂಕಾಲಾ ಹೊಳೆಯನ್ನು ದಾಟುತ್ತದೆ. ದಾಟುವ ಜಾಗಕ್ಕೆ 15 ಹೆಜ್ಜೆ ಈಚೆಗೆ, ದಾರಿಯ ಎಡಗಡೆ, ನನ್ನ ಎದೆಯೆತ್ತರದ ಕಲ್ಲುಗುಪ್ಪೆ ಇತ್ತು. ನಾವು ಅದಕ್ಕೆ ಇಸಿವಿವಾನೆ ಎನ್ನುತ್ತೇವೆ. ದೂರ ಹೊರಟವರು ಒಂದು ಕಲ್ಲು ಹೆಕ್ಕಿ, ಉಗುಳು ಸೋಕಿಸಿ, ದಾರಿ ಕಾಯಿರಿ ಎಂದು ಹಿರಿಯರಿಗೆ ಹೇಳಿ, ಗುಪ್ಪೆಯ ಮೇಲಿಟ್ಟು ಹೊಳೆಗೆ ಇಳಿಯುತ್ತಾರೆ. ನನ್ನ ಅಜ್ಜಿಯ ಅಜ್ಜಿ ಇಟ್ಟ ಕಲ್ಲೂ ಅದರಲ್ಲಿತ್ತು. ನನ್ನ ಗಂಡ ಜೊಹಾನ್ಸ್‌ಬರ್ಗಿನ ಗಣಿಗೆ ಹನ್ನೊಂದು ಸಲ ಹೋದರು, ಹನ್ನೊಂದು ಕಲ್ಲು ಇಟ್ಟರು. ಹತ್ತು ಸಲ ನಡೆದುಕೊಂಡು ವಾಪಸ್ ಬಂದರು.

ದಿನಾಂಕ 18-02-2013, ಸೋಮವಾರ, ಬೆಳಿಗ್ಗೆ 9.20ಕ್ಕೆ ನಾನು ಚಾಪೆಹುಲ್ಲು ಕೊಯ್ಯಲು ಹೊಳೆಗೆ ಹೋದಾಗ ಒಂದು ಟ್ರ್ಯಾಕ್ಟರ್, ಮೂವರು ಕೂಲಿಯವರು ಗುಪ್ಪೆಯ ಹತ್ತಿರ ಇದ್ದರು. ಹೊಳೆದಾರಿ ಸರಿಮಾಡಿಸುತ್ತೇವೆಂದು ಆರು ವರ್ಷದಿಂದ ಓಟು ಕೇಳುವವರೆಲ್ಲ ಹೇಳುತ್ತಿದ್ದರಿಂದ, ಕೊನೆಗೂ ಬಂದರಲ್ಲ ಎಂದುಕೊಂಡೆ. ಮನೆಗೆ ಹೋಗಿ ಅವರಿಗೆ ಒಂದು ಬಿಂದಿಗೆ ಹುಳಿ ಮಜ್ಜಿಗೆ ತಂದುಕೊಟ್ಟೆ. ಮೂವರಲ್ಲಿ ಒಬ್ಬ ಕುಡಿಯಲಿಲ್ಲ, ತಲೆ ಎತ್ತಿ ನನ್ನ ಮುಖವನ್ನೂ ನೋಡಲಿಲ್ಲ. ಮರುದಿನ ನೋಡಿದರೆ ದಾರಿ ಹಾಗೇ ಇತ್ತು, ಗುಪ್ಪೆ ಇರಲಿಲ್ಲ. ಬೋಳು ಮಣ್ಣು, ಅದರ ಮೇಲೆ ಚಕ್ರದ ಗುರುತು. ಕಳ್ಳರಿಗೆ ನನ್ನ ಕೈಯಾರೆ ಮಜ್ಜಿಗೆ ಕುಡಿಸಿದ್ದೇನೆ, ಅದನ್ನೂ ಬರೆದುಕೊಳ್ಳಬೇಕು.

ದಿನಾಂಕ 02-03-2013, ಶನಿವಾರ, ಬೆಳಿಗ್ಗೆ 11ಕ್ಕೆ ಹೊಳೆಯಿಂದ 340 ಮೀಟರ್ ಮೇಲೆ, ದಿಬ್ಬದಲ್ಲಿ, ಥಾರ್ನ್‌ಲಿ ಎಂಬ ಬಿಳಿಯರ ಮನೆತನದ ಸ್ಮಾರಕದ ಉದ್ಘಾಟನೆ ನಡೆಯಿತು. ಬಿಳಿ ಡೇರೆ, ಚಹಾ, ಕೇಕು, ಸುಮಾರು 60 ಜನ. ಆ ದಿಬ್ಬದ ಜಮೀನಿನ ಯಜಮಾನರಾದ ಡೆರೆಕ್ ಥಾರ್ನ್‌ಲಿ, ವಯಸ್ಸು ಸುಮಾರು 61, ಭಾಷಣ ಮಾಡಿದರು. ನಾನು ಬೇಲಿಯ ಆಚೆ ನಿಂತು ನೋಡಿದೆ. ಸ್ಮಾರಕ ಎಂದರೆ ನಮ್ಮ ಗುಪ್ಪೆಯ ಕಲ್ಲುಗಳೇ, ಸಿಮೆಂಟು ಮೆತ್ತಿ ಗೋಪುರದ ಹಾಗೆ ನಿಲ್ಲಿಸಿದ್ದಾರೆ. ಹಿತ್ತಾಳೆ ಫಲಕದಲ್ಲಿ, 1821ರಲ್ಲಿ ಥಾರ್ನ್‌ಲಿ ಕುಟುಂಬ ಬರಿಗೈಯಲ್ಲಿ ಬಂದು ಇಲ್ಲಿ ಮೊದಲ ಮನೆ ಕಟ್ಟಿತು, ಈ ಕಲ್ಲುಗಳನ್ನು ಈ ನೆಲದಲ್ಲೇ ಆಯ್ದುಕೊಂಡದ್ದು ಎಂದಿದೆ. ಅವರ ಮೊದಲ ಮನೆಗೆ ಕಲ್ಲೇ ಇರಲಿಲ್ಲ. ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೆತ್ತುವುದನ್ನು ಹೇಳಿಕೊಟ್ಟವರು ನಮ್ಮ ಹೆಂಗಸರು. ಇದು ಲುಕ್ವೇನಿಯಲ್ಲಿ ಎಲ್ಲರಿಗೂ ಗೊತ್ತು.

ಡೇರೆ ಬಿಚ್ಚಿದ ಮೇಲೆ, 2.15ಕ್ಕೆ, ನಾನು ಡೆರೆಕ್‌ನನ್ನು ತಡೆದು ಕೇಳಿದೆ. ಅವನು, ಅವರ ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ನನ್ನ ತಾಯಿಯ ಬೆನ್ನಿನ ಮೇಲೆ ಬೆಳೆದವನು, ನಮ್ಮ ಭಾಷೆಯನ್ನು ನಮ್ಮ ಹಾಗೇ ಆಡುತ್ತಾನೆ, ನನ್ನನ್ನು ಈಗಲೂ ಅಕ್ಕ ಎನ್ನುತ್ತಾನೆ. ಅವನು ಹೇಳಿದ್ದೇನೆಂದರೆ, ಅಕ್ಕ, ಅವು ದಾರೀಲಿ ಬಿದ್ದಿದ್ದ ಕಲ್ಲು, ಯಾರ ಹೆಸರೂ ಬರೆದಿರಲಿಲ್ಲ, ಮಣ್ಣಲ್ಲಿ ಬಿದ್ದಿರೋದಕ್ಕಿಂತ ಇಲ್ಲಿ ಮರ್ಯಾದೆಯಾಗಿ ಇರ್ತವಲ್ಲ ಎಂದು. ನಮ್ಮಮ್ಮ ನಿನ್ನ ಪುಟ್ಟ ಕೈ ಹಿಡ್ಕೊಂಡು ಅದ್ರ ಮೇಲೆ ಕಲ್ಲು ಇಡಿಸ್ತಿದ್ಲಲ್ಲ, ಆಗ ಅದು ಬಿದ್ದಿದ್ದ ಕಲ್ಲಾಗಿತ್ತಾ ಎಂದು ನಾನು ಕೇಳಿದೆ. ಅವನು ಚಿಕ್ಕಂದಿನ ಮಾತು ಬಿಡಕ್ಕ ಎಂದು ಗಾಡಿ ಹತ್ತಿದ.

ಆ ಮೇಲೆ ಊರಿನವರು ದೂರ ಹೊರಟಾಗ ದಿಬ್ಬ ಹತ್ತಿ ಸ್ಮಾರಕದ ಬುಡದಲ್ಲಿ ಕಲ್ಲಿಡಲು ಶುರುಮಾಡಿದರು. ಇನ್ನೆಲ್ಲಿ ಇಡುವುದು? ಹಳೆಯ ಕಲ್ಲುಗಳು ಅಲ್ಲಿವೆ. ದಿನಾಂಕ 08-03-2013ರಂದು ಅಲ್ಲಿ ಒಂದು ಬೋರ್ಡು ಬಂತು. ಕಲ್ಲು, ಕಸ ಹಾಕಿದವರ ಮೇಲೆ ಕಾನೂನು ಕ್ರಮ ಎಂದು ಅದರಲ್ಲಿದೆ. ಕಸದ ಜೊತೆಗೆ ಸೇರಿಸಿದ್ದಾರೆ.

ನನ್ನ ತಂಗಿ ನೋಲುಂಡಿ, ವಯಸ್ಸು 59, ಹೃದಯದ ಆಪರೇಷನ್ನಿಗೆ ನಾಳೆ, 14-03-2013, ಮಧ್ಯಾಹ್ನ 3 ಗಂಟೆಯ ಬಸ್ಸಿಗೆ ಕೇಪ್‌ಟೌನಿಗೆ ಹೋಗಬೇಕು. ಅವಳಿಗೆ ದಿಬ್ಬ ಹತ್ತುವ ಶಕ್ತಿ ಇಲ್ಲ. ಆದ್ದರಿಂದ ನಿನ್ನೆ, ಮಂಗಳವಾರ, ಅವಳು ತನ್ನ ಅಂಗಳದಲ್ಲಿ ಒಂದು ಕಲ್ಲು ಆರಿಸಿ, ಉಗುಳು ಸೋಕಿಸಿ ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆ 10.40ಕ್ಕೆ ನಾನು ಬೇಲಿ ದಾಟಿ ಅದನ್ನು ಸ್ಮಾರಕದ ತುದಿಯಲ್ಲಿಟ್ಟೆ. ಲಂಗ ಮುಳ್ಳುತಂತಿಗೆ ಸಿಕ್ಕಿ ಒಂದು ಗೇಣು ಹರಿಯಿತು. ಅಷ್ಟರಲ್ಲಿ ಡೆರೆಕ್ ಬಂದು, ಈ ವಯಸ್ಸಲ್ಲಿ ಬೇಲಿ ಹಾರ್ತೀಯಲ್ಲಕ್ಕ, ನಾಚ್ಕೆ ಆಗಲ್ವಾ ಎಂದು ಕೇಳಿದ. ನೀನು ಗುಪ್ಪೇನೇ ಹೊತ್ಕೊಂಡು ಹೋದೆ, ನಾನು ಒಂದು ಕಲ್ಲು ತಂದಿಟ್ಟೆ, ನಾಚ್ಕೆ ಯಾರಿಗಾಗ್ಬೇಕಪ್ಪ ಎಂದು ನಾನು ಹೇಳಿದೆ. ಅವನು ಫೋನ್ ಮಾಡಿದ. 11.25ಕ್ಕೆ ಪೊಲೀಸ್ ಗಾಡಿ ಬಂತು. ಸ್ಮಾರಕಕ್ಕೆ ಹಾನಿ ಎಂದು ಬರೆದುಕೊಂಡು, ನನ್ನ ತಂಗಿಯ ಕಲ್ಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಚೀಟಿ ಕಟ್ಟಿ ಜಪ್ತಿ ಮಾಡಿದರು. ಅದು ಈಗ ಈ ಮೇಜಿನ ಮೇಲೆ, ಚಹಾ ಲೋಟದ ಪಕ್ಕದಲ್ಲಿದೆ. ವಿಚಾರಣೆ 22ನೇ ತಾರೀಕಿಗೆ, ಅಲ್ಲಿಯವರೆಗೆ ಕೊಡುವ ಹಾಗಿಲ್ಲ ಎಂದು ಹೇಳಿದ್ದಾರೆ. ಆಪರೇಷನ್ 18ಕ್ಕೆ.

ಈ ದಿನ ಮಧ್ಯಾಹ್ನ 1.30ಕ್ಕೆ ಸಾರ್ಜೆಂಟ್ ಥೆಂಬೆಲಾ ಜಾಡಾರವರು ಸ್ಥಳ ಮಹಜರಿಗೆಂದು ನನ್ನನ್ನು ಕರೆದುಕೊಂಡು ಹೋದರು. ಬೇಲಿಯ ಎತ್ತರ ಅಳೆದರು, 90 ಸೆಂಟಿಮೀಟರ್. ಬೋರ್ಡಿನ ಫೋಟೊ ತೆಗೆದರು. ಕೆಲಸ ಮುಗಿಸಿ ಹೊರಡುವಾಗ ಅವರಿಗೆ ಮನೆಯಿಂದ ಫೋನ್ ಬಂತು. ಶುಕ್ರವಾರ ರಾತ್ರಿಯೊಳಗೆ ಡರ್ಬನ್ ಮುಟ್ಟುತ್ತೇನೆ, ಮಗುವಿಗೆ ಹೆಸರಿಡುವ ಹೊತ್ತಿಗೆ ಇರುತ್ತೇನೆ ಎಂದು ಹೇಳುತ್ತಲೇ, 1.55ಕ್ಕೆ, ಅವರು ಬಗ್ಗಿ ಒಂದು ಕಲ್ಲು ಹೆಕ್ಕಿದರು, ಬಾಯಿಗೆ ತಂದು ಉಗುಳು ಸೋಕಿಸಿದರು, ಸ್ಮಾರಕದ ಬುಡದಲ್ಲಿಟ್ಟರು. ಫೋನು ಕಿವಿಯಲ್ಲೇ ಇತ್ತು. ನಾನು ನೋಡುತ್ತಿದ್ದೇನೆಂದು ಗೊತ್ತಾದ ಮೇಲೆ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

ಈ ಹೇಳಿಕೆಯನ್ನು ಬರೆದುಕೊಳ್ಳುತ್ತಿರುವವರು ಅವರೇ. ಮೇಲಿನ ಮಾತು ಬಂದಾಗ ಪೆನ್ನು ನಿಲ್ಲಿಸಿ, ಅಮ್ಮಾ, ಅದೊಂದು ಬಿಟ್ಬಿಡೋಣ, ಕೇಸಿಗೆ ಸಂಬಂಧ ಇಲ್ಲ ಎಂದರು. ಅದನ್ ಬಿಟ್ರೆ ನನ್ ಸಹೀನೂ ಬಿಡಿ ಎಂದೆ. ಆದ್ದರಿಂದ ಬರೆದಿದ್ದಾರೆ.

ಗುಪ್ಪೆಯ ಕಲ್ಲುಗಳನ್ನು ಕೊಂಡೊಯ್ದವರೇ ಹೊಳೆಯ ಪಕ್ಕಕ್ಕೆ ತಂದು ಹಾಕಬೇಕು. ನನ್ನ ತಂಗಿಯ ಕಲ್ಲನ್ನು ನಾಳೆ ಮಧ್ಯಾಹ್ನ 3ರೊಳಗೆ ಕೊಡಬೇಕು. ಅವಳ ಕಲ್ಲಿನಿಂದ ಹಾನಿಯಾಗಿದೆ ಎಂದಾದರೆ ಸಾರ್ಜೆಂಟರ ಕಲ್ಲನ್ನೂ ತಂದು ಇದೇ ಮೇಜಿನ ಮೇಲಿಡಬೇಕು. ಈ ಹೊತ್ತಿನವರೆಗೆ, ಸಂಜೆ 4.10ರವರೆಗೆ, ಅವರು ತಮ್ಮ ಕಲ್ಲಿಗೆ ಚೀಟಿ ಕಟ್ಟಿರುವುದಿಲ್ಲ.

ಇಷ್ಟನ್ನೂ ನನ್ನ ಭಾಷೆಯಲ್ಲಿ ಎರಡು ಸಲ ಓದಿಸಿ ಕೇಳಿಕೊಂಡಿದ್ದೇನೆ. ನಾನು ಹೇಳಿದಂತೆಯೇ ಇದೆ, ನಿಜವಿದೆ, ಒಂದು ಅಕ್ಷರವನ್ನೂ ಹೊಡೆದುಹಾಕಲು ಬಿಟ್ಟಿರುವುದಿಲ್ಲ.

ಸ್ಥಳ: ಗ್ಲೆನ್‌ವಾಟರ್ ಪೊಲೀಸ್ ಠಾಣೆ
ದಿನಾಂಕ: 13-03-2013
(ಸಹಿ) ನೊಜಿಬೆಲೆ ಮಬಾಂಡ್ಲಾ

ನನ್ನ ಸಮಕ್ಷಮ ಹೇಳಿದ್ದನ್ನು ಬರೆದುಕೊಂಡಿದ್ದೇನೆ
(ಸಹಿ) ಸಾರ್ಜೆಂಟ್ ಥೆಂಬೆಲಾ ಜಾಡಾ