ದೊಡ್ಡ ಕಾರ್ಬ್ಯುರೇಟರೂ ದೊಡ್ಡಮ್ಮನ ಮನೆಯ ಊಟವೂ

ಬೆಟ್ಟದ ಬುಡದ ಒಂದು ಪೇಟೆಯಲ್ಲಿ ಅನುಕೂಲಸ್ಥನೊಬ್ಬನಿದ್ದ. ಅವನಲ್ಲಿ ತಂದೆಯ ಕಾಲದ ಎರಡೇ ಸೀಟಿನ ಸ್ಪೋರ್ಟ್ಸ್ ಕಾರಿತ್ತು. ನೋಡಿ, ಅದರ ಎಂಜಿನ್ನಿಗೆ ನೀರು ಬೇಡ, ಗಾಳಿಯಿಂದಲೇ ತಣ್ಣಗಾಗುತ್ತದೆ. ಇಪ್ಪತ್ತು ವರ್ಷ ಶೆಡ್ಡಿನಲ್ಲಿ ನಿಂತು ಅದರ ಎರಡೂ ಕಾರ್ಬ್ಯುರೇಟರು ಕೆಟ್ಟಿದ್ದವು. ಕಾರ್ಬ್ಯುರೇಟರು ಅಂದರೇನು? ಎಂಜಿನ್ನಿನ ಮೂಗು ಅನ್ನಿ. ಗಾಳಿ ಎಳೆದುಕೊಂಡು, ಹದವಾಗಿ ಪೆಟ್ರೋಲು ಬೆರೆಸಿ ಒಳಗೆ ಬಿಡುತ್ತದೆ.

ಅವನ ತಾಯಿಗೆ ಎಂಬತ್ತೆರಡು. ಆಕೆಗೆ ಒಂದೇ ಆಸೆ. ಬೆಟ್ಟದ ಮೇಲಿನ ಊರಿನಲ್ಲಿರುವ ಅಕ್ಕನಿಗೆ ತೊಂಬತ್ತು ತುಂಬುವ ದಿನ ಗಂಡನ ಕಾರಿನಲ್ಲೇ ಹೋಗಿ ಇಳಿಯಬೇಕು, ಅಕ್ಕನ ಪಕ್ಕದ ಎಲೆಗೆ ಕೂತು ಉಣ್ಣಬೇಕು.

ಮಗ ಗಾಡಿ ರಿಪೇರಿಯ ಮೇಸ್ತ್ರಿಯನ್ನು ಕರೆಸಿದ.

“ಯಜಮಾನ್ರೇ, ಈ ಗಾಡೀಲಿ ಎಲ್ಲೆಲ್ಲಿಗೆ ಹೋಗ್ತೀರಿ?”

“ಅದ್ಯಾಕೆ ನಿಂಗೆ? ರೇಸ್ ಗಾಡಿಗೆ ಹಾಕೋ ದೊಡ್ಡ ಕಾರ್ಬ್ಯುರೇಟರ್ ಜೋಡಿ ಹಾಕು. ಬೀದೀಲಿ ಹೋದ್ರೆ ಜನ ಎದ್ದು ಬಂದು ನೋಡ್ಬೇಕು.”

“ನೋಡೋರು ನೋಡ್ತಾರೆ. ಎಂಜಿನ್ ಚಿಕ್ಕದು. ಅಷ್ಟು ಅಗಲದ ಬಾಯಿಗೆ ಇದರ ಉಸಿರು ಸಾಲಲ್ಲ. ಮೆಲ್ಲಗೆ ಹೋಗುವಾಗ ಮುಗ್ಗರಿಸ್ತದೆ.”

ಕೇಳಿದನೇ? ಕೇಳಲಿಲ್ಲ. ದೊಡ್ಡದನ್ನೇ ಹಾಕಿಸಿದ.

ಆ ದಿನ ಬಂತು. ಕಾರು ಗರ್ಜಿಸಿತು, ಬೀದಿಗೆ ಬೀದಿಯೇ ಹೊರಗೆ ಬಂತು. ತಾಯಿ ಎರಡೂ ಕಿವಿ ಮುಚ್ಚಿಕೊಂಡು ನಕ್ಕರು. ಬೆಟ್ಟದ ತಿರುವಿನಲ್ಲಿ ಮುಂದೊಂದು ಹುಲ್ಲಿನ ಲಾರಿ ತೆವಳುತ್ತಿತ್ತು. ಕಾರೂ ನಿಧಾನಿಸಬೇಕಾಯಿತು. ಕೆಮ್ಮಿತು, ನಿಂತಿತು. ಮತ್ತೆ ಚಾಲೂ ಮಾಡಿದ, ನಾಲ್ಕು ಮಾರು ಹೋಗಿ ಮತ್ತೆ ನಿಂತಿತು. ಊಟದ ಹೊತ್ತು ಹತ್ತಿರವಾಯಿತು. ಹಿಂದಿನಿಂದ ಬಸ್ಸು ಬಂತು. ತಾಯಿ ಇಳಿದು ಕೈ ಅಡ್ಡ ಹಿಡಿದರು.

“ಅಮ್ಮ, ಇನ್ನೊಂದ್ಸಲ ನೋಡ್ತೀನಿ.”

“ನೋಡ್ತಿರು ಕಣಪ್ಪ. ಅಕ್ಕ ಎಲೆ ಮುಂದೆ ಕಾಯ್ತಾ ಕೂತಿರ್ತಾಳೆ. ಪೇಟೇಲಿ ಹುಲಿ, ಬೆಟ್ಟ ಬಂದ್ರೆ ಬೆಕ್ಕು, ನಿನ್ ಗಾಡಿ. ಒಲೆ ಊದೋಕೆ ಯಾರಾದ್ರೂ ಮೋರಿ ಪೈಪ್ ಹಿಡ್ಕೋತಾರೇನೋ?”

ಆಕೆ ಬಸ್ಸಿನಲ್ಲಿ ಹೋಗಿ ಅಕ್ಕನ ಪಕ್ಕ ಕೂತರು. ಮಗ ಹಿಂದಿನಿಂದ ಬಂದ ಇನ್ನೊಂದು ಹುಲ್ಲಿನ ಲಾರಿ ಹತ್ತಿ, ಮಜ್ಜಿಗೆ ಬಡಿಸುವ ಹೊತ್ತಿಗೆ ತಲುಪಿದ.

“ಕಾರೆಲ್ಲಪ್ಪಾ?” ಎಂದರು ದೊಡ್ಡಮ್ಮ.

“ಬರ್ತಾ ಇದೆ ಅಕ್ಕ,” ಎಂದರು ತಾಯಿ, “ನಿನ್ನ ತೊಂಬತ್ತೊಂದಕ್ಕೆ ಬರತ್ತೆ.”

ಮರುವಾರ ಮೇಸ್ತ್ರಿ ಚಿಕ್ಕ ಜೋಡಿ ಹಾಕಿದ. ಈಗ ಬೀದಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಆದರೆ ತಾಯಿ ತಿಂಗಳಿಗೆರಡು ಸಲ ಅಕ್ಕನ ಮನೆಗೆ ಅದರಲ್ಲೇ ಹೋಗಿ ಬರುತ್ತಾರೆ.

ನಗುತ್ತಿದ್ದೀರಿ, ನಗಿ. ಈಗ ಒಂದು ಕೇಳುತ್ತೇನೆ. ನಾವು ಭಕ್ತಿಯನ್ನು ಆರಿಸಿಕೊಂಡದ್ದು ಹೇಗೆ? ವರ್ಷಕ್ಕೊಂದು ದಿನ ಸಾವಿರ ಜನಕ್ಕೆ ದಾಸೋಹ. ಉಳಿದ ದಿನ ಮನೆಯ ಹಿರಿಯರು ಎರಡನೇ ಸಲ ನೀರು ಕೇಳಿದರೆ ಮುಖ ಗಂಟು. ದಿನಕ್ಕೆ ಸಾವಿರ ಜಪವೆಂದು ಸಂಕಲ್ಪ, ಮೂರನೇ ದಿನಕ್ಕೆ ಮಣಿಸರ ಗೂಟಕ್ಕೆ. ಬದುಕು ಬಹುಪಾಲು ಲಾರಿಯ ಹಿಂದೆಯೇ ಅಲ್ಲವೇ ಸಾಗುವುದು? ಅಲ್ಲಿ ನಿಲ್ಲದೆ ನಡೆಯುವಂಥದ್ದು ಬೇಕು. ನಿಮ್ಮ ಉಸಿರಿಗೆ ಎಟುಕುವಂಥದ್ದು ಬೇಕು.

ನಾಳೆ ಬೆಳಿಗ್ಗೆ ಇಷ್ಟು ಮಾಡಿ. ಹತ್ತು ನಿಮಿಷ ದೇವರೆದುರು ಕೂತುಕೊಳ್ಳಿ, ಹನ್ನೊಂದನೆಯದಕ್ಕೆ ಏಳಿ. ಎದ್ದು, ಮನೆಯಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ, ಅವರಿಗೆ ಮೊದಲ ಲೋಟ ಕಾಫಿ ಕೊಡಿ. ನಾಡಿದ್ದೂ ಕೊಡಿ.