ಕಿವಿ ನಿರಪರಾಧಿ

ಮೇಷ್ಟ್ರು ಕಿವಿನೋವೆಂದು ಬಂದು, ಪೆನ್ನಿನ ತುದಿ ಕಚ್ಚುತ್ತ ತಮ್ಮ ಸರದಿಗೆ ಕಾಯುತ್ತಿದ್ದರು. ಡಾಕ್ಟರ ಕೋಣೆಯಿಂದ ಟೈಲರಕ್ಕ ಮುಖ ಗಂಟಿಕ್ಕಿಕೊಂಡು ಹೊರಬಂದಳು. ಮೇಷ್ಟ್ರ ಪಕ್ಕದಲ್ಲಿದ್ದ ಅವಳ ತಂಗಿ ಎದ್ದಳು.

“ಏನಂದ್ರು ಅಕ್ಕಾ?”

“ನೋವಿರೋದು ದವಡೆ ಕೀಲಲ್ಲಿ ಅಂತೆ ಕಣೇ. ಕಿವಿ ಪಾಪ, ಸುಮ್ನೆ ಬೈಸ್ಕೊಳ್ತಿತ್ತು.”

“ಮತ್ತೆ ಇಷ್ಟು ದಿನ ಕಿವಿಗೆ ಹಾಕಿದ ಎಣ್ಣೆ?”

“ದಿಂಬಿಗೆ ಆರೈಕೆ ಆಯ್ತು ಬಿಡು.”

“ದವಡೆಗೇನು ಬಂತು? ನೀನು ಹೆಚ್ಚು ಮಾತೂ ಆಡಲ್ವಲ್ಲ!”

“ಹೊಲಿಯೋವಾಗ ದಾರ ಹಲ್ಲಲ್ಲಿ ಕಡೀತೀನಲ್ಲ, ಅದಕ್ಕಂತೆ. ಇನ್ಮೇಲೆ ಕತ್ತರೀನೇ ಹಿಡೀಬೇಕಂತೆ.”

“ಹಿಡಿ ಮತ್ತೆ.”

“ಹಿಡೀತೀನಮ್ಮಾ. ನಿಂತ್ಕೋ, ನಿನ್ನ ತೋಳಲ್ಲೊಂದು ದಾರ ನೇತಾಡ್ತಿದೆ.”

ಅಕ್ಕ ಬಗ್ಗಿ ಅದನ್ನು ಹಲ್ಲಲ್ಲೇ ಕಡಿದಳು. “ಅಯ್ಯೋ, ನನ್ನ ಕಿವಿ!”

ಇಬ್ಬರೂ ಬಿದ್ದು ಬಿದ್ದು ನಗುತ್ತ ಮೆಟ್ಟಿಲಿಳಿದರು.

ಮೇಷ್ಟ್ರು ಬಾಯಿಂದ ಪೆನ್ನು ತೆಗೆದು, ಯಾರಿಗೂ ಕಾಣದಂತೆ ಜೇಬಿಗಿಳಿಸಿದರು.